ಸೇನೆಯಿಂದ ಬಂದ ಗಂಡಸಿಗೂ ಲೈಂಗಿಕ ದೌರ್ಜನ್ಯದ ಪ್ರಶ್ನೆ ಕೇಳಬೇಕು

ಮಾನ್ಯರೇ,

ಅಗ್ನಿಪಥ ಯೋಜನೆಯಡಿ ಭೂಸೇನೆಯ ಮೊದಲ ತಂಡ ತರಬೇತಿಗೆ ಸೇರಿದ್ದು 2023ರ ಜನವರಿಯಲ್ಲಿ. ತರಬೇತಿಯೂ ಸೇರಿ ನಾಲ್ಕು ವರ್ಷ ಎಂದರೆ 2026 ಮುಗಿಯುತ್ತಿದ್ದಂತೆ ಅವರ ಅವಧಿಯೂ ಮುಗಿಯುತ್ತದೆ. ನೂರಕ್ಕೆ 25ರವರೆಗೆ ಸೇನೆಯಲ್ಲೇ ಉಳಿಯಬಹುದು. ಮಿಕ್ಕವರು ಊರಿಗೆ ಬರುತ್ತಾರೆ. ಅವರಿಗೆ ಪಿಂಚಣಿ ಇಲ್ಲ, ಮಾಜಿ ಸೈನಿಕರೆಂಬ ಸ್ಥಾನ ಇಲ್ಲ, ಮಾಜಿ ಸೈನಿಕರ ಆರೋಗ್ಯ ಯೋಜನೆಯ ಇಸಿಎಚ್‌ಎಸ್ ಕಾರ್ಡೂ ಇಲ್ಲ. ಕಾಯಿಲೆ ಬಿದ್ದರೆ ಬರುವುದು ನಮ್ಮ ಜಿಲ್ಲಾ ಆಸ್ಪತ್ರೆಗೆ, ತಾಲ್ಲೂಕು ಆಸ್ಪತ್ರೆಗೆ. ಅವರ ಉದ್ಯೋಗದ ಬಗ್ಗೆ ಸಾಕಷ್ಟು ಚರ್ಚೆ ಆಗಿದೆ. ಸೇವೆಯಲ್ಲಿದ್ದಾಗ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಗಂಡಸು ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ವೈದ್ಯರ ಮುಂದೆ ಕೂತಾಗ ಏನಾಗುತ್ತದೆ, ಏನಾಗಬೇಕು ಎಂದು ತಿಳಿಸಲು ಈ ಪತ್ರ. ಉದ್ದವಾಗಿದೆ, ಮನ್ನಿಸಿ.

ಸೇನೆಯ ಹೆಸರು ಕೆಡಿಸುವ ಉದ್ದೇಶ ನಮಗಿಲ್ಲ. ಗಂಡಸರೇ ಒಟ್ಟಿಗೆ ಮಲಗಿ, ಒಟ್ಟಿಗೆ ಸ್ನಾನ ಮಾಡಿ, ಮೇಲಿನವರ ಮಾತಿಗೆ ಎದುರಾಡದೆ ಬದುಕುವ ಹಾಸ್ಟೆಲ್, ಜೈಲು, ಕ್ರೀಡಾ ವಸತಿನಿಲಯಗಳಲ್ಲೂ ಇದು ನಡೆಯುತ್ತದೆ. ಆದರೆ ಇದನ್ನು ಎಣಿಸಿ, ಹೆಸರಿಟ್ಟು, ಚಿಕಿತ್ಸೆ ಕಟ್ಟಿದ್ದು ಅಮೆರಿಕದ ಮಾಜಿ ಸೈನಿಕರ ಇಲಾಖೆ. 1992ರಲ್ಲಿ ಮಹಿಳೆಯರಿಗಾಗಿ ಶುರುವಾದ ಆ ಸೌಲಭ್ಯವನ್ನು 1994ರಲ್ಲಿ ಗಂಡಸರಿಗೂ ವಿಸ್ತರಿಸಿದರು. ಅಲ್ಲಿ ಆಸ್ಪತ್ರೆಗೆ ಬರುವ ಪ್ರತಿಯೊಬ್ಬ ಮಾಜಿ ಸೈನಿಕನಿಗೂ ಸೇವೆಯಲ್ಲಿದ್ದಾಗ ಲೈಂಗಿಕ ದೌರ್ಜನ್ಯ ಆಗಿತ್ತೇ ಎಂದು ಕೇಳುತ್ತಾರೆ. ಹೆಂಗಸರಲ್ಲಿ ಸುಮಾರು ಮೂವರಲ್ಲಿ ಒಬ್ಬರು, ಗಂಡಸರಲ್ಲಿ ಸುಮಾರು 50ರಲ್ಲಿ ಒಬ್ಬರು ‘ಹೌದು’ ಅನ್ನುತ್ತಾರೆ. ಐವತ್ತಕ್ಕೊಬ್ಬ ಎಂದರೆ ಕಡಿಮೆ ಅನ್ನಿಸಬಹುದು. ಸೇನೆಯಲ್ಲಿ ಗಂಡಸರೇ ಹೆಚ್ಚು ಎಂಬುದನ್ನು ಮರೆಯಬಾರದು. 2014ರಲ್ಲಿ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ ಅಲ್ಲಿನ ಸೇನೆಯಲ್ಲಿ ನಡೆಸಿದ ಸಮೀಕ್ಷೆಯ ಅಂದಾಜಿನಂತೆ ಒಂದೇ ವರ್ಷದಲ್ಲಿ ದೌರ್ಜನ್ಯಕ್ಕೆ ಒಳಗಾದ ಗಂಡಸರು ಸುಮಾರು 10,600, ಹೆಂಗಸರು ಸುಮಾರು 9,600. ಗಂಡಸರ ಮೇಲೆ ಒಬ್ಬರಿಗಿಂತ ಹೆಚ್ಚು ಮಂದಿ ಸೇರಿ, ಒಂದಕ್ಕಿಂತ ಹೆಚ್ಚು ಸಲ, ‘ರ‍್ಯಾಗಿಂಗ್’ ಹೆಸರಲ್ಲಿ ಮಾಡುವುದು ಹೆಚ್ಚೆಂದೂ ಆ ಸಮೀಕ್ಷೆ ಕಂಡುಕೊಂಡಿತು. ಅಲ್ಲಿ ಚಿಕಿತ್ಸೆ ಪಡೆಯಲು ಹಿಂದೆ ದೂರು ಕೊಟ್ಟಿರಬೇಕಿಲ್ಲ, ದಾಖಲೆಯೂ ಬೇಕಿಲ್ಲ, ದುಡ್ಡೂ ಕಟ್ಟಬೇಕಿಲ್ಲ.

ನಮ್ಮಲ್ಲಿ ಇಂಥವರು ಬರುವುದು ಬೇರೆ ಬೇರೆ ಬಾಗಿಲಿಂದ. ನಿದ್ದೆ ಬರಲ್ಲ, ಎದೆ ಡವಗುಟ್ಟುತ್ತದೆ, ಸಿಟ್ಟು ತಡೆಯಕ್ಕಾಗಲ್ಲ, ಹೊಟ್ಟೆ ಸರಿ ಇಲ್ಲ, ‘ಗಂಡಸ್ತನ’ ಹೋಗಿದೆ, ಕುಡಿತ ಜಾಸ್ತಿಯಾಗಿದೆ. ಹೆಂಡತಿ ಕರಕೊಂಡು ಬಂದರೆ ‘ಯಾರ ಹತ್ರನೂ ಸೇರಲ್ಲ ಕಣ್ರೀ, ಬಾಗಿಲ ಕಡೆ ಮುಖ ಮಾಡೇ ಮಲಗ್ತಾರೆ’ ಅನ್ನುತ್ತಾರೆ. ಹಲ್ಲಿನ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಲು ಒಪ್ಪದವನು, ಮೂಲವ್ಯಾಧಿ ಅಂತ ವರ್ಷಗಟ್ಟಲೆ ಮುಲಾಮು ಹಚ್ಚಿಕೊಂಡು ತಪಾಸಣೆಗೆ ಮಾತ್ರ ಬಾರದವನು, ಪ್ರಾಸ್ಟೇಟ್ ನೋಡಬೇಕೆಂದ ಕೂಡಲೇ ಎದ್ದು ಹೋದವನು, ಇವರೆಲ್ಲರಲ್ಲೂ ಇದೇ ಕಾರಣ ಇರಬೇಕೆಂದಿಲ್ಲ. ಆದರೆ ಇರಬಹುದು ಎಂಬ ಯೋಚನೆಯೇ ವೈದ್ಯರಿಗೆ ಬರುವುದಿಲ್ಲ.

ಬಂದರೂ ಕೇಳುವುದು ಎಲ್ಲಿ? ಹೊರರೋಗಿ ವಿಭಾಗದ ಒಂದು ಕೋಣೆಯನ್ನು ನೋಡಿ. ಮೇಜಿನ ಒಂದು ಕಡೆ ವೈದ್ಯರು, ಪಕ್ಕದಲ್ಲಿ ರಿಜಿಸ್ಟರ್ ಬರೆಯುವ ಸಿಸ್ಟರ್, ಬೆನ್ನ ಹಿಂದೆ ಇಬ್ಬರು ಕಲಿಯುವ ಹುಡುಗರು. ಬಾಗಿಲಿಗೆ ಪರದೆ ಮಾತ್ರ, ಅದನ್ನೂ ಮುಂದಿನ ಸರದಿಯವರು ಸರಿಸಿಕೊಂಡು ನಿಂತಿರುತ್ತಾರೆ. ರೋಗಿಯ ಪಕ್ಕದಲ್ಲೇ ಅಣ್ಣನೋ ಮಾವನೋ. ‘ಎಲ್ಲಿದ್ರಿ ಸರ್ವೀಸಲ್ಲಿ? ಅಲ್ಲೇನಾದ್ರೂ ತೊಂದ್ರೆ ಆಗಿತ್ತಾ?’ ಎಂದು ಕೇಳಿದರೆ ಬರುವ ಉತ್ತರ ಒಂದೇ: ‘ಏನೂ ಇಲ್ಲ ಸರ್.’ ಮೂರು ನಿಮಿಷದಲ್ಲಿ ನಿದ್ದೆ ಮಾತ್ರೆ ಬರೆದು ಕಳಿಸಿದ್ದಾಯಿತು.

ಕೇಳುವ ಕ್ರಮ ಬೇರೆ. ಮೊದಲು ಜೊತೆಗೆ ಬಂದವರನ್ನು ಹೊರಗೆ ಕಳಿಸಬೇಕು. ‘ಎಲ್ಲರನ್ನೂ ಒಂದ್ಸಲ ಒಬ್ಬರನ್ನೇ ಮಾತಾಡಿಸ್ತೀವಿ’ ಎಂದು ನಿಯಮದಂತೆ ಹೇಳಿದರೆ ಯಾರಿಗೂ ಅನುಮಾನ ಬಾರದು. ಎರಡನೆಯದು, ಇದು ಅವನೊಬ್ಬನಿಗೇ ಕೇಳುತ್ತಿರುವ ಪ್ರಶ್ನೆಯಲ್ಲ ಎಂದು ತಿಳಿಸಬೇಕು: ‘ಫೋರ್ಸಲ್ಲಿದ್ದು ಬಂದೋರಿಗೆಲ್ಲ ಇದನ್ನ ಕೇಳ್ತೀವಿ, ಬೇಡ ಅನ್ನಿಸಿದ್ರೆ ಉತ್ತರ ಹೇಳ್ಬೇಕಿಲ್ಲ.’ ಮೂರನೆಯದು, ಅತ್ಯಾಚಾರ, ದೌರ್ಜನ್ಯ ಎಂಬ ಮಾತು ಎತ್ತದೆ ನಡೆದದ್ದನ್ನೇ ಕೇಳಬೇಕು. ‘ನಿಮಗೆ ಇಷ್ಟ ಇಲ್ದೆ ಯಾರಾದ್ರೂ ಮೈ ಮುಟ್ಟಿದ್ದು, ಬಟ್ಟೆ ಬಿಚ್ಚಿಸಿದ್ದು, ಬಲವಂತವಾಗಿ ಏನಾದ್ರೂ ಮಾಡಿದ್ದು ಅಥವಾ ಮಾಡಿಸಿದ್ದು ಇದೆಯಾ? ಸೀನಿಯರ್ ಇರಲಿ, ಜೊತೆಯವರಿರಲಿ, ತಮಾಷೆಗೆ ಅಂತ ಮಾಡಿದ್ದಿರಲಿ.’ ತನಗಾದದ್ದನ್ನು ಅತ್ಯಾಚಾರ ಎಂದು ಗಂಡಸು ಕರೆದುಕೊಳ್ಳುವುದಿಲ್ಲ; ಬಟ್ಟೆ ಬಿಚ್ಚಿಸಿದರು ಅಂತ ಹೇಳಬಲ್ಲ. ಇವತ್ತು ‘ಇಲ್ಲ’ ಅಂದವನು ಮೂರನೆಯ ಭೇಟಿಯಲ್ಲಿ ‘ಹೌದು’ ಅನ್ನುವುದು ಸಾಮಾನ್ಯ. ಆದ್ದರಿಂದ ಒಂದೇ ಸಲ ಕೇಳಿ ಕೈಬಿಡಬಾರದು.

‘ಹೌದು’ ಅಂದಮೇಲಿನ ಹದಿನೈದು ನಿಮಿಷ ಬಹಳ ಮುಖ್ಯ, ಕೆಡುವುದೂ ಅಲ್ಲೇ. ‘ಅಷ್ಟು ದೊಡ್ಡ ಆಳು, ಬಿಡಿಸ್ಕೊಳ್ಳೋಕಾಗ್ಲಿಲ್ವಾ?’ ಎಂದು ಕೇಳಿದರೆ ಆ ರೋಗಿ ಮತ್ತೆ ಬರುವುದಿಲ್ಲ. ‘ಆಮೇಲೆ ಏನು ಮಾಡಿದ್ರು?’ ಎಂದು ವಿವರ ಕೆದಕುವುದೂ ತಪ್ಪು, ಮೊದಲ ದಿನ ವಿವರದ ಅಗತ್ಯವೇ ಇಲ್ಲ. ‘ಹೇಳಿದ್ದು ಒಳ್ಳೇದಾಯ್ತು. ಇದರಲ್ಲಿ ನಿಮ್ಮ ತಪ್ಪಿಲ್ಲ. ಇದಕ್ಕೆ ಚಿಕಿತ್ಸೆ ಇದೆ. ಯಾವಾಗ, ಎಷ್ಟು ಹೇಳ್ಬೇಕು ಅನ್ನೋದು ನಿಮಗೆ ಬಿಟ್ಟದ್ದು.’ ಇಷ್ಟು ಸಾಕು. ಮುಂದಿನ ಭೇಟಿಯ ದಿನ, ಸಮಯ, ಭೇಟಿಯಾಗುವವರ ಹೆಸರನ್ನು ಚೀಟಿಯಲ್ಲಿ ಬರೆದು ಕೊಡಬೇಕು. ಚೀಟಿಯ ಮೇಲೆ ವಿಷಯ ಬರೆಯಬಾರದು. ಅದು ಮನೆಯವರ ಕೈಗೆ ಹೋಗಿಯೇ ಹೋಗುತ್ತದೆ.

ದೇಹದ ವಿಚಾರವೊಂದನ್ನು ಬಿಡಿಸಿ ಹೇಳಬೇಕು. ಹೇಳದೆ ಬಿಡುವುದರಿಂದ ಆಗುವ ಹಾನಿ ದೊಡ್ಡದು. ದಾಳಿಯ ಹೊತ್ತಿನಲ್ಲಿ ಕೈಕಾಲು ಆಡದೆ ಮರಗಟ್ಟುವುದು, ಗಂಟಲು ಕಟ್ಟುವುದು ನರಮಂಡಲ ತಾನಾಗಿ ಮಾಡುವ ಕೆಲಸ. ತರಬೇತಿ ಪಡೆದ ಯೋಧನಿಗೂ ಅದು ತಪ್ಪಿದ್ದಲ್ಲ. ಅದೇ ರೀತಿ ಶಿಶ್ನ ನಿಗುರುವುದು, ವೀರ್ಯ ಹೋಗುವುದು ಸ್ಪರ್ಶ, ಒತ್ತಡ, ಭಯಕ್ಕೂ ಆಗುವ ಪ್ರತಿವರ್ತನೆ. ಅದು ಒಪ್ಪಿಗೆಯ ಗುರುತಲ್ಲ, ಸುಖದ ಗುರುತೂ ಅಲ್ಲ. ‘ನನಗೂ ಅದು ಬೇಕಿತ್ತೇನೋ, ನಾನು ಅಂಥವನೇನೋ’ ಎಂದು ಇಪ್ಪತ್ತು ವರ್ಷ ಒಳಗೊಳಗೇ ಕೊರಗಿದವನಿಗೆ ಈ ಮಾತನ್ನು ವೈದ್ಯರು ತಾವಾಗಿಯೇ ಹೇಳಬೇಕು. ಅವನಾಗಿ ಕೇಳುವುದಿಲ್ಲ. ದೌರ್ಜನ್ಯ ಮಾಡಿದವರೂ ಬಹುಪಾಲು ಮಾಡುವುದು ಆಸೆಗಲ್ಲ, ಹದ್ದುಬಸ್ತಿನಲ್ಲಿಡಲು, ಅವಮಾನ ಮಾಡಲು.

ಘಟನೆ ಈಗಷ್ಟೇ ಆಗಿದ್ದರೆ, ರಜೆಗೆ ಬರುವ ದಾರಿಯಲ್ಲೋ ಬಂದ ಮರುದಿನವೋ ತಿಳಿದರೆ, ಗಡಿಯಾರ ನೋಡಬೇಕು. ಎಚ್‌ಐವಿ ತಡೆಯುವ ಪಿಇಪಿ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು. ಮೊದಲ ಎರಡು ಗಂಟೆಯೊಳಗಾದರೆ ಉತ್ತಮ, ತಡವಾದಷ್ಟೂ ಫಲ ಕಡಿಮೆ. ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರವಿರ್ 50 ಮಿಲಿಗ್ರಾಂ ಸೇರಿದ ಒಂದೇ ಮಾತ್ರೆ, ದಿನಕ್ಕೊಂದರಂತೆ 28 ದಿನ. ಹೊಟ್ಟೆ ತೊಳಸುತ್ತದೆ ಎಂದು ಹತ್ತು ದಿನಕ್ಕೆ ನಿಲ್ಲಿಸುವವರುಂಟು. ಊಟ ಮಾಡಿ ನುಂಗಿದರೆ ತೊಳಸು ತಗ್ಗುತ್ತದೆ ಎಂದು ಮೊದಲೇ ಹೇಳಿದರೆ ಅರ್ಧ ಸಮಸ್ಯೆ ಇರುವುದಿಲ್ಲ. ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗ ಅಥವಾ ಎಚ್‌ಐವಿ ಚಿಕಿತ್ಸೆಯ ಎಆರ್‌ಟಿ ಕೇಂದ್ರದಲ್ಲಿ ಕೇಳಬೇಕು. ರಾತ್ರಿ ‘ಎಆರ್‌ಟಿ ಮುಚ್ಚಿದೆ, ಬೆಳಿಗ್ಗೆ ಬನ್ನಿ’ ಎಂದರೆ ಒಪ್ಪಬಾರದು, ಮೊದಲ ಮಾತ್ರೆಯನ್ನು ತುರ್ತು ವಿಭಾಗದಲ್ಲೇ ಕೊಡಬಹುದು. ಎಚ್‌ಐವಿ ರಕ್ತಪರೀಕ್ಷೆ ಅದೇ ದಿನ ಒಮ್ಮೆ, ನಂತರ ಆರು ವಾರ, ಮೂರು ತಿಂಗಳು, ಆರು ತಿಂಗಳಿಗೆ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿಲ್ಲದಿದ್ದರೆ ಅಂದು, ತಿಂಗಳಿಗೆ, ಆರು ತಿಂಗಳಿಗೆ ಹೀಗೆ ಮೂರು. ಗಾಯವಿದ್ದರೆ ಟಿಟಿ. ಗುದದಿಂದ ರಕ್ತ ನಿಲ್ಲದಿದ್ದರೆ, ಹೊಟ್ಟೆ ಗಟ್ಟಿಯಾಗಿ ನೋಯುತ್ತಿದ್ದರೆ, ಜ್ವರ ಬಂದರೆ ಒಳಗೆ ಹರಿದಿರುವ ಸಾಧ್ಯತೆ ಇದೆ. ಅದನ್ನು ಪೈಲ್ಸ್ ಎಂದು ಮೆಡಿಕಲ್ ಶಾಪಿನ ಮುಲಾಮಿನಲ್ಲಿ ಮುಚ್ಚಿಡುವುದು ಜೀವಕ್ಕೇ ಅಪಾಯ.

ಸಾಕ್ಷ್ಯ ಬೇಕೆಂದರೆ ಸ್ನಾನ ಮಾಡದೆ ಬರಬೇಕು, ತೊಟ್ಟ ಬಟ್ಟೆಯನ್ನು ಕಾಗದದ ಚೀಲದಲ್ಲಿ ತರಬೇಕು. ಪ್ಲಾಸ್ಟಿಕ್ಕಿನಲ್ಲಿ ತೇವ ಕಟ್ಟಿ ಬೂಷ್ಟು ಬಂದು ಮಾದರಿ ಹಾಳಾಗುತ್ತದೆ. ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿಯ ಪ್ರಕಾರ 96 ಗಂಟೆಯವರೆಗೆ ಮಾದರಿ ತೆಗೆಯಬಹುದು. ಪರೀಕ್ಷೆಗೆ, ಮಾದರಿಗೆ, ಪೊಲೀಸರಿಗೆ ತಿಳಿಸುವುದಕ್ಕೆ ಪ್ರತ್ಯೇಕ ಒಪ್ಪಿಗೆ ಕೇಳಬೇಕೆಂಬ ಅದರ ಕ್ರಮವನ್ನು ಗಂಡಸಿನ ವಿಚಾರದಲ್ಲೂ ಪಾಲಿಸಬೇಕೆಂಬುದು ನಮ್ಮ ಒತ್ತಾಯ. ಒಂದಕ್ಕೆ ಬೇಡ ಅಂದರೂ ಚಿಕಿತ್ಸೆ ನಿಲ್ಲಿಸುವಂತಿಲ್ಲ.

ನಮ್ಮಲ್ಲಿಗೆ ಬರುವ ಹೆಚ್ಚಿನವರದು ಹಳೆಯ ಗಾಯ, ಅದಕ್ಕೇ ಮುಂದಿನ ಮಾತು. ಆಘಾತದ ನಂತರ ನೆನಪು, ಭಯ ಬಿಡದೆ ಕಾಡುವ ಕಾಯಿಲೆಯಾದ ಪಿಟಿಎಸ್‌ಡಿ ಇದೆಯೇ ಎಂದು ನೋಡಲು ಪಿಸಿಎಲ್-5 ಎಂಬ 20 ಪ್ರಶ್ನೆಯ ಪಟ್ಟಿ ಇದೆ. ಕಳೆದ ಒಂದು ತಿಂಗಳಲ್ಲಿ ಪ್ರತಿ ತೊಂದರೆ ಎಷ್ಟಿತ್ತು ಎಂದು 0ಯಿಂದ 4ರವರೆಗೆ ಅಂಕ, ಒಟ್ಟು 80. 31ರಿಂದ 33 ದಾಟಿದರೆ ಪಿಟಿಎಸ್‌ಡಿ ಇರುವ ಸಂಭವ ಹೆಚ್ಚು, ಖಚಿತಪಡಿಸುವುದು ವೈದ್ಯರ ಸಂದರ್ಶನ. ಈ ಅಂಕವನ್ನು ಪ್ರತಿ ಒಂದೆರಡು ವಾರಕ್ಕೊಮ್ಮೆ ಬರೆದಿಟ್ಟರೆ ಚಿಕಿತ್ಸೆ ನಾಟುತ್ತಿದೆಯೋ ಇಲ್ಲವೋ ರೋಗಿಗೇ ಕಾಣುತ್ತದೆ. ನಮ್ಮ ಕಡೆ ಬಿಪಿ, ಶುಗರ್ ಬರೆದಿಡುವಷ್ಟು ಶ್ರದ್ಧೆ ಇದಕ್ಕಿಲ್ಲ.

ಮೊದಲ ಸಾಲಿನ ಚಿಕಿತ್ಸೆ ಮಾತ್ರೆಯಲ್ಲ, ಕ್ರಮಬದ್ಧ ಮಾತಿನ ಚಿಕಿತ್ಸೆ. ಹೆಚ್ಚು ಪರೀಕ್ಷೆಗೆ ಒಳಪಟ್ಟವು ಎರಡು. ಸಿಪಿಟಿ (ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ) ಎಂಬುದು 12 ಭೇಟಿಯದು, ಪ್ರತಿ ಭೇಟಿ 50ರಿಂದ 60 ನಿಮಿಷ. ಘಟನೆಯಿಂದ ಮನಸ್ಸಿನಲ್ಲಿ ಗೂಟ ಹೊಡೆದು ಕೂತ ನಂಬಿಕೆಗಳನ್ನು ಕಾಗದದ ಮೇಲೆ ಬರೆಸಿ, ಒಂದೊಂದನ್ನೇ ಪ್ರಶ್ನಿಸುವುದು. ‘ನಾನು ಸೈನಿಕ, ತಡೀಬೇಕಿತ್ತು’ ಎಂದು ಬರೆದವನಿಗೆ ಕೇಳುವ ಪ್ರಶ್ನೆಗಳು ಹೀಗಿರುತ್ತವೆ: ಆಗ ನಿಮಗೆ ಎಷ್ಟು ವಯಸ್ಸು? ಅವರು ಎಷ್ಟು ಜನ? ಅವರಲ್ಲಿ ನಿಮ್ಮ ರಜೆಗೆ, ಬಡ್ತಿಗೆ ಸಹಿ ಹಾಕುವವರು ಯಾರು? ಕೂಗಿದ್ದರೆ ಯಾರಿಗೆ ಕೇಳಿಸುತ್ತಿತ್ತು? ತಡೆಯಬಹುದಿತ್ತು ಎಂಬುದಕ್ಕೆ ಆಧಾರ ಏನು, ಆಗದು ಎಂಬುದಕ್ಕೆ ಏನು? ಸಮಾಧಾನ ಹೇಳುವುದಲ್ಲ ಇದು; ಉತ್ತರವನ್ನು ಅವನೇ ಬರೆಯಬೇಕು. ಮನೆಯಲ್ಲಿ ಬರೆಯುವ ಅಭ್ಯಾಸ ದಿನವೂ ಇರುತ್ತದೆ. ಓದು ಬರಹ ಕಷ್ಟವಾದವರಿಗೆ ಬರೆಯುವ ಬದಲು ಬಾಯಲ್ಲೇ ಮಾಡಿಸುವ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಸುವ ದಾರಿಯೂ ಇದೆ.

ಇನ್ನೊಂದು ಪಿಇ (ಪ್ರೊಲಾಂಗ್ಡ್ ಎಕ್ಸ್‌ಪೋಶರ್). 8ರಿಂದ 15 ಭೇಟಿ, ಒಂದೊಂದೂ 90 ನಿಮಿಷ. ಘಟನೆಯನ್ನು ಕಣ್ಣು ಮುಚ್ಚಿ, ಈಗ ನಡೆಯುತ್ತಿರುವಂತೆ ಹೇಳಿಸುತ್ತಾರೆ. ಅದರ ಧ್ವನಿಮುದ್ರಿಕೆಯನ್ನು ಮನೆಯಲ್ಲಿ ಕೇಳಬೇಕು. ಜೊತೆಗೆ, ಅಪಾಯವಿಲ್ಲದಿದ್ದರೂ ಭಯದಿಂದ ಬಿಟ್ಟುಬಿಟ್ಟ ಕೆಲಸಗಳನ್ನು ಸುಲಭದಿಂದ ಕಷ್ಟಕ್ಕೆ ಪಟ್ಟಿ ಮಾಡಿ ಮತ್ತೆ ಶುರು ಮಾಡುವುದು: ಕ್ಷೌರದಂಗಡಿಯಲ್ಲಿ ಬೆನ್ನ ಹಿಂದೆ ಆಳು ನಿಲ್ಲಲು ಬಿಡುವುದು, ರೈಲಿನ ಸ್ಲೀಪರ್ ಬೋಗಿಯಲ್ಲಿ ಹೋಗುವುದು, ಮದುವೆ ಮನೆಯಲ್ಲಿ ಗಂಡಸರ ಜೊತೆ ಹಜಾರದಲ್ಲಿ ಮಲಗುವುದು. ಮೂರನೇ ನಾಲ್ಕನೇ ಭೇಟಿಯ ಹೊತ್ತಿಗೆ ಕೆಟ್ಟ ಕನಸು ಕೆಲವರಿಗೆ ಹೆಚ್ಚಾಗುತ್ತದೆ. ‘ಇದು ಹೆಚ್ಚಾಗಬಹುದು, ಆಮೇಲೆ ಇಳಿಯುತ್ತೆ’ ಎಂದು ಮೊದಲೇ ಹೇಳದಿದ್ದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಕಣ್ಣನ್ನು ಅತ್ತಿತ್ತ ಆಡಿಸುತ್ತಾ ಘಟನೆ ನೆನೆಸುವ ಇಎಂಡಿಆರ್ ಎಂಬ ಇನ್ನೊಂದು ವಿಧಾನಕ್ಕೂ ಪುರಾವೆ ಇದೆ.

ವೈದ್ಯಕೀಯ ಕಾಲೇಜುಗಳ ಊರಾದ ದಾವಣಗೆರೆಯಲ್ಲಿ ಮನೋವೈದ್ಯರಿಗೆ ಬರವಿಲ್ಲ. ತೊಡಕಿರುವುದು ಬೇರೆ ಕಡೆ. ಪಿಜಿ ವಿದ್ಯಾರ್ಥಿಗಳು ಪಾಳಿ ಬದಲಾಗುತ್ತಾ ಹೋಗುತ್ತಾರೆ, ರೋಗಿಗೆ ಪ್ರತಿ ಸಲವೂ ಹೊಸ ಮುಖ, ಮತ್ತೆ ಮೊದಲಿಂದ ಹೇಳಬೇಕು. ಇಂಥ ವಿಷಯವನ್ನು ಮೂರು ಜನರಿಗೆ ಮೂರು ಸಲ ಹೇಳುವುದು ಚಿಕಿತ್ಸೆಯಲ್ಲ, ಶಿಕ್ಷೆ. ಆದ್ದರಿಂದ ಹೋಗುವ ಮೊದಲು ಫೋನಿನಲ್ಲಿ ಕೇಳಿ: ಸಿಪಿಟಿ ಅಥವಾ ಪಿಇ ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಇದ್ದಾರಾ? ಹನ್ನೆರಡು ವಾರ ಅವರೇ ಸಿಗುತ್ತಾರಾ? ಗಂಡಸು ಬೇಕೋ ಹೆಂಗಸು ಬೇಕೋ ಆಯ್ಕೆ ಇದೆಯಾ? ಸಿಗದಿದ್ದರೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್. ಮೊಳಕಾಲ್ಮುರಿನಿಂದ ವಾರವಾರ ಬೆಂಗಳೂರಿಗೆ ಯಾರು ಹೋಗುತ್ತಾರೆ ಎಂಬುದು ನ್ಯಾಯವಾದ ಪ್ರಶ್ನೆ. ಮೊದಲ ಒಂದೆರಡು ಭೇಟಿ ಎದುರಾ ಎದುರು ಮಾಡಿ, ಉಳಿದದ್ದನ್ನು ವಿಡಿಯೊ ಕರೆಯಲ್ಲಿ ಮಾಡಬಹುದು. ಈ ಚಿಕಿತ್ಸೆಗಳು ವಿಡಿಯೊದಲ್ಲೂ ಅಷ್ಟೇ ಫಲ ಕೊಡುತ್ತವೆ. ಇಯರ್‌ಫೋನ್ ಹಾಕಿಕೊಂಡು, ಮನೆಯಲ್ಲಿ ಜನ ಇಲ್ಲದ ಹೊತ್ತು ನೋಡಿ ಕೂರಬೇಕು. ಯಾರಾದರೂ ಒಳಗೆ ಬಂದರೆ ಮಾತು ಬದಲಿಸಲು ಒಂದು ಗುರುತಿನ ಮಾತು ಇಟ್ಟುಕೊಳ್ಳಬೇಕು. ‘ಮೆಕ್ಕೆಜೋಳದ ರೇಟ್ ಎಷ್ಟಾಯ್ತು’ ಎಂದರೂ ನಡೆಯುತ್ತದೆ.

ಮಾತ್ರೆಗಳ ವಿಚಾರ. ಸರ್ಟ್ರಾಲಿನ್ ಮತ್ತು ಪ್ಯಾರಾಕ್ಸೆಟಿನ್ ಪಿಟಿಎಸ್‌ಡಿಗೆ ಒಪ್ಪಿತವಾದವು, ವೆನ್ಲಾಫ್ಯಾಕ್ಸಿನ್ ಕೂಡ ಬಳಕೆಯಲ್ಲಿದೆ. ಸರ್ಟ್ರಾಲಿನ್ ಸಾಮಾನ್ಯವಾಗಿ 25 ಮಿಲಿಗ್ರಾಂನಿಂದ ಶುರುವಾಗಿ ಒಂದು ವಾರದ ನಂತರ ದಿನಕ್ಕೆ 50ಕ್ಕೆ ಏರುತ್ತದೆ, ಗರಿಷ್ಠ ದಿನಕ್ಕೆ 200. ಫಲ ಕಾಣಲು ನಾಲ್ಕರಿಂದ ಆರು ವಾರವಾದರೂ ಬೇಕು. ಈ ಮಾತ್ರೆಗಳಿಂದ ಕಾಮಾಸಕ್ತಿ ತಗ್ಗುವುದು, ವೀರ್ಯ ತಡವಾಗುವುದು ಉಂಟು. ಹೆಂಗಸರಿಗೂ ಗಂಡಸರಿಗೂ ಇದು ಆಗುತ್ತದೆ, ಆದರೆ ದೌರ್ಜನ್ಯದ ನಂತರ ತನ್ನ ಗಂಡಸ್ತನದ ಮೇಲೇ ಅನುಮಾನ ಪಟ್ಟುಕೊಂಡವನಿಗೆ ಇದು ಹೊಡೆತದ ಮೇಲೆ ಹೊಡೆತ. ‘ಇದು ಮಾತ್ರೆಯಿಂದ ಆಗಿದ್ದು, ಡೋಸ್ ಬದಲಿಸಬಹುದು, ಬೇರೆ ಮಾತ್ರೆ ಇದೆ’ ಎಂದು ಬರೆದುಕೊಡುವಾಗಲೇ ಹೇಳಬೇಕು. ಹೇಳದಿದ್ದರೆ ಗುಟ್ಟಾಗಿ ಒಮ್ಮೆಲೇ ನಿಲ್ಲಿಸುತ್ತಾರೆ. ತಲೆ ಸುತ್ತು, ಸಿಡಿಮಿಡಿ, ಮೈಯಲ್ಲಿ ಕರೆಂಟು ಹೊಡೆದಂತಾಗಿ ‘ಈ ಮಾತ್ರೆ ನನಗೆ ಆಗಿಬರಲ್ಲ’ ಎಂಬ ತೀರ್ಮಾನಕ್ಕೆ ಬರುತ್ತಾರೆ.

ಕೆಟ್ಟ ಕನಸಿಗೆ ಪ್ರಾಜೊಸಿನ್ ಬರೆಯುವುದುಂಟು. ಅದು ಮೂಲತಃ ಬಿಪಿ ಮಾತ್ರೆ. ರಾತ್ರಿ 1 ಮಿಲಿಗ್ರಾಂನಿಂದ ಶುರು ಮಾಡಿ ನಿಧಾನವಾಗಿ ಏರಿಸುತ್ತಾರೆ. ಮೊದಲ ದಿನಗಳಲ್ಲಿ ರಾತ್ರಿ ಮೂತ್ರಕ್ಕೆಂದು ದಡಕ್ಕನೆ ಎದ್ದರೆ ತಲೆ ತಿರುಗಿ ಬೀಳುತ್ತಾರೆ, ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂತು ಏಳಬೇಕು. 2018ರಲ್ಲಿ ಅಮೆರಿಕದ ಮಾಜಿ ಸೈನಿಕರ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ ಇದು ಸುಮ್ಮನೆ ಕೊಟ್ಟ ಖಾಲಿ ಮಾತ್ರೆಗಿಂತ ಮೇಲಾಗಲಿಲ್ಲ; ಕೆಲವರಿಗೆ ಮಾತ್ರ ಚೆನ್ನಾಗಿ ಹಿಡಿಯುತ್ತದೆ ಎಂಬುದು ಚಿಕಿತ್ಸೆ ಮಾಡುವವರ ಅನುಭವ. ನಮಗೆ ಇದಕ್ಕಿಂತ ಚಿಂತೆ ಇನ್ನೊಂದು. ಮೆಡಿಕಲ್ ಶಾಪಿನಲ್ಲಿ ಯಾರಿಗೂ ಹೇಳದೆ ಶಿಶ್ನ ನಿಗುರಲೆಂದು ಸಿಲ್ಡೆನಾಫಿಲ್ ಕೊಂಡು ನುಂಗುವವರು ಅದನ್ನು ಪ್ರಾಜೊಸಿನ್ ಜೊತೆ ತೆಗೆದುಕೊಂಡರೆ ಬಿಪಿ ಪಾತಾಳಕ್ಕಿಳಿಯಬಹುದು. ‘ಬೇರೇನಾದ್ರೂ ಮಾತ್ರೆ ತಗೋತೀರಾ?’ ಎಂದರೆ ಹೇಳುವುದಿಲ್ಲ, ಆ ಮಾತ್ರೆಯ ಹೆಸರು ಹಿಡಿದೇ ಕೇಳಬೇಕು.

ಆತಂಕಕ್ಕೆ, ನಿದ್ದೆಗೆಂದು ಬರೆಯುವ ಆಲ್ಪ್ರಾಜೊಲಾಮ್, ಕ್ಲೋನಾಜೆಪಾಮ್ ಬಗ್ಗೆ ನಮ್ಮ ಮಾತು ಖಡಕ್ಕಾಗಿದೆ: ಪಿಟಿಎಸ್‌ಡಿಗೆ ಇವು ಚಿಕಿತ್ಸೆಯಲ್ಲ. ಮೊದಲ ವಾರ ನಿದ್ದೆ ಬರುತ್ತದೆ, ಆರು ತಿಂಗಳಿಗೆ ಅದಿಲ್ಲದೆ ನಿದ್ದೆಯೇ ಇಲ್ಲ, ಮಾತಿನ ಚಿಕಿತ್ಸೆಯ ಫಲಕ್ಕೂ ಅಡ್ಡಗಾಲು. ಹೆಂಡದ ಜೊತೆ ಸೇರಿದರೆ ಉಸಿರಿಗೇ ಕುತ್ತು. ಬಹಳ ಕಾಲ ತೆಗೆದುಕೊಂಡವರು ಈ ಸಾಲು ಓದಿ ನಾಳೆಯೇ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ವೈದ್ಯರ ಕೈಕೆಳಗೆ ವಾರಗಟ್ಟಲೆ ಇಳಿಸುತ್ತಾ ಬರಬೇಕು.

ಕುಡಿತದ ವಿಷಯದಲ್ಲಿ ನಮ್ಮ ಆಸ್ಪತ್ರೆಗಳ ಮಾತೊಂದೇ: ‘ಮೊದಲು ಕುಡಿಯೋದು ಬಿಟ್ಟು ಬಾ, ಆಮೇಲೆ ನೋಡೋಣ.’ ಸೇನಾ ಕ್ಯಾಂಟೀನ್ ಕೋಟಾದ ಬಾಟಲಿ ಮುಗಿದ ಮೇಲೆ ಊರ ಅಂಗಡಿಗೆ ಹೋಗುವವನು ಕುಡಿಯುವುದೇ ಕನಸು ಬೀಳದಿರಲಿ ಎಂದು. ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ಮಾಡಬಹುದು, ಮಾಡಬೇಕು. ದಿನವೂ ಕುಡಿಯುವವರು ತಟ್ಟನೆ ಬಿಟ್ಟರೆ ಮೊದಲ ಎರಡು ಮೂರು ದಿನದಲ್ಲಿ ಫಿಟ್ಸ್, ಭ್ರಮೆ ಬರಬಹುದು. ಬಿಡಿಸುವುದಾದರೆ ಆಸ್ಪತ್ರೆಯಲ್ಲಿ, ಥಯಾಮಿನ್ (ಬಿ1 ವಿಟಮಿನ್) ಕೊಟ್ಟು ಬಿಡಿಸಲಿ. ಪಿತ್ರಾರ್ಜಿತದಂತೆ ಹಳ್ಳಿಹಳ್ಳಿಗೂ ಹರಡಿರುವ ‘ಕುಡಿತ ಬಿಡಿಸುವ ಪುಡಿ’ಯಿಂದ ಅಲ್ಲ.

ಮನೆಯವರಿಗೆ ಎರಡು ಮಾತು. ನಿದ್ದೆಯಲ್ಲಿ ಒದ್ದಾಡುವವನ ಭುಜ ಹಿಡಿದು ಅಲ್ಲಾಡಿಸಬೇಡಿ. ಏಟು ಬೀಳಬಹುದು, ಆಮೇಲೆ ಅವನಿಗೇ ನಾಚಿಕೆ. ದೀಪ ಹಾಕಿ, ಕಾಲ ಕಡೆ ನಿಂತು ಹೆಸರು ಹಿಡಿದು ಕರೆಯಿರಿ, ‘ಮನೇಲಿದ್ದೀರಿ, ನಾನಿದೀನಿ’ ಎನ್ನಿ. ಹಗಲಲ್ಲೇ ಕಣ್ಣು ನೆಟ್ಟು ಕಳೆದುಹೋದರೆ ಪಾದ ನೆಲಕ್ಕೂರಿಸಿ, ಕೈಗೆ ತಣ್ಣೀರಿನ ಲೋಟ ಕೊಟ್ಟು, ಸುತ್ತ ಕಾಣುವ ಐದು ವಸ್ತು ಹೆಸರಿಸಲು ಹೇಳಿ. ಗಂಡನಿಂದ ಪೂರ್ತಿ ಕಥೆ ಕೇಳಲೇಬೇಕೆಂಬ ಹಟ ಬೇಡ. ‘ಸರ್ವೀಸಲ್ಲಿ ನನಗೊಂದು ಅನ್ಯಾಯ ಆಯ್ತು, ಅದಕ್ಕೆ ಹಿಂಗಾಗುತ್ತೆ, ಚಿಕಿತ್ಸೆ ತಗೋತಿದೀನಿ’ ಎಂದು ಅವರು ಹೇಳಿದರೆ ಸಂಸಾರ ನಡೆಯಲು ಅಷ್ಟು ಸಾಕು.

ಮಾಜಿ ಸೈನಿಕರಲ್ಲಿ ಹಲವರು ಬ್ಯಾಂಕು, ಹಣದ ಗಾಡಿಗಳಲ್ಲಿ ಬಂದೂಕಿನ ಕಾವಲುಗಾರರು. ಹೊಲ, ಅಡಿಕೆ ತೋಟ ಇರುವವರ ಮನೆಯಲ್ಲಿ ಕೀಟನಾಶಕ ಇದ್ದೇ ಇರುತ್ತದೆ. ಸಾಯುವ ಯೋಚನೆ ಬರುತ್ತದಾ ಎಂದು ನೇರವಾಗಿ ಕೇಳಿ, ಕೇಳಿದ್ದರಿಂದ ಯಾರೂ ಸಾಯುವುದಿಲ್ಲ. ಬರುತ್ತದೆ ಎಂದರೆ ಲೈಸೆನ್ಸ್ ಬಂದೂಕನ್ನು ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಠೇವಣಿ ಇಡಿಸಿ, ಔಷಧಿ ಡಬ್ಬಗಳನ್ನು ಬೇರೆಯವರ ಮನೆಗೆ ಸಾಗಿಸಿ. ಆ ಕೆಟ್ಟ ಗಳಿಗೆ ಬಹಳ ಸಲ ಸ್ವಲ್ಪ ಹೊತ್ತಿನದು, ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ.

ಕಾನೂನು ಗಂಡಸಿನ ಪರವಾಗಿ ಗಟ್ಟಿಯಾಗಿಲ್ಲ. ಘಟನೆಯ ತಾರೀಖು ಮುಖ್ಯ. 2024ರ ಜುಲೈ 1ಕ್ಕೆ ಮುಂಚಿನದಾದರೆ ‘ಅಸ್ವಾಭಾವಿಕ’ ಸಂಭೋಗದ ಹಳೆಯ ಐಪಿಸಿ 377ನೇ ಕಲಂ ಅನ್ವಯ. 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪು ಒಪ್ಪಿಗೆಯ ಸಂಬಂಧವನ್ನಷ್ಟೇ ಅದರಿಂದ ಹೊರಗಿಟ್ಟಿತು, ಬಲವಂತ ಅಪರಾಧವಾಗಿಯೇ ಉಳಿಯಿತು. ಆ ತಾರೀಖಿನ ನಂತರದ್ದಾದರೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ವಯಸ್ಕ ಗಂಡಸಿನ ಮೇಲಿನ ಅತ್ಯಾಚಾರಕ್ಕೆಂದೇ ಕಲಂ ಇಲ್ಲ. ಹಲ್ಲೆ, ತೀವ್ರ ಗಾಯ, ಕೂಡಿಹಾಕಿದ್ದು, ಬೆದರಿಕೆ ಇವುಗಳಡಿ ದೂರು ಬರೆಸಬೇಕು. 18 ತುಂಬದವನಾದರೆ ಪೋಕ್ಸೊ; ಅಗ್ನಿವೀರರು ಹದಿನೇಳೂವರೆಗೇ ಸೇರಬಹುದಾದ್ದರಿಂದ ಇದು ಬರೀ ಮಾತಲ್ಲ. ಸೇನಾ ಕಾಯ್ದೆ 1950ರಲ್ಲಿ ಅಸಭ್ಯ, ಕ್ರೂರ ನಡತೆಗೆ 46ನೇ ಕಲಂ, ಕೆಳಗಿನವರನ್ನು ಹಿಂಸಿಸುವುದಕ್ಕೆ 47ನೇ ಕಲಂ, ಎರಡಕ್ಕೂ ಏಳು ವರ್ಷದವರೆಗೆ ಜೈಲು. ಜವಾನರು ದೂರು ಕೊಡುವುದು 26ನೇ ಕಲಂ ಅಡಿ. ಸೇನೆಯೊಳಗಿನ ವಿಚಾರಣೆಯಾದ ಕೋರ್ಟ್ ಮಾರ್ಷಲ್‌ಗೆ 122ನೇ ಕಲಂ ಪ್ರಕಾರ ಮೂರು ವರ್ಷದ ಮಿತಿ ಇದೆ, ಹಲವರು ಮಾತಾಡುವ ಧೈರ್ಯ ಮಾಡುವಷ್ಟರಲ್ಲಿ ಅದು ದಾಟಿರುತ್ತದೆ. ಉಚಿತ ಕಾನೂನು ಸಲಹೆಗೆ 15100.

ಅಂಗವಿಕಲ ಪಿಂಚಣಿ ಕೇಳುವವರು ಸೇವೆಯಲ್ಲಿದ್ದಾಗಿನ ಆಸ್ಪತ್ರೆ ಚೀಟಿ, ಬಿಡುಗಡೆಯ ವೈದ್ಯಕೀಯ ಮಂಡಳಿಯ ವರದಿ, ಶಿಕ್ಷೆ ಮತ್ತು ವರ್ಗಾವಣೆಯ ದಾಖಲೆಗಳನ್ನು ಒಟ್ಟು ಮಾಡಬೇಕು. ಚೆನ್ನಾಗಿದ್ದವನಿಗೆ ಇದ್ದಕ್ಕಿದ್ದಂತೆ ಶಿಸ್ತಿನ ದೂರುಗಳು, ರಜೆ ಮೀರಿ ಉಳಿದದ್ದು, ಕುಡಿತದ ನಮೂದು ಶುರುವಾದ ತಿಂಗಳು ತಾನೇ ಒಂದು ಸಾಕ್ಷಿ. 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸೇರುವಾಗ ಕಾಯಿಲೆ ನಮೂದಾಗಿರದಿದ್ದರೆ ಅದು ಸೇವೆಯಿಂದ ಬಂದದ್ದಲ್ಲ ಎಂದು ತೋರಿಸುವ ಹೊಣೆ ಇಲಾಖೆಯದು ಎಂದಿತು. 2023ರ ಸೆಪ್ಟೆಂಬರ್ 21ರಿಂದ ನಿಯಮ ಬದಲಾಗಿದೆ, ನಿಮ್ಮ ಬಿಡುಗಡೆಯ ತಾರೀಖು ನೋಡಿಕೊಂಡೇ ವಕೀಲರಲ್ಲಿಗೆ ಹೋಗಿ. ಚಿಕಿತ್ಸೆಗೆ ಇದಾವುದೂ ಮುಗಿಯುವವರೆಗೆ ಕಾಯಬೇಕಿಲ್ಲ.

ಮೊದಲ ಹೆಜ್ಜೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡಬಹುದು, ಹೆಸರು ಹೇಳಲೇಬೇಕೆಂದಿಲ್ಲ. ಸೇನೆಯವರಿಗೆಂದೇ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ 2023ರ ಡಿಸೆಂಬರ್ 1ರಂದು ಅದರ ಪ್ರತ್ಯೇಕ ಘಟಕವೂ ಶುರುವಾಯಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಬರುತ್ತಾರೆ, ಆ ವಾರ ಬರುತ್ತಾರಾ ಎಂದು ಕೇಳಿಕೊಂಡು ಹೋಗಿ. ಸ್ವಂತ ತಾಲ್ಲೂಕಿನಲ್ಲಿ ಕಾಂಪೌಂಡರ್ ನೆಂಟ, ಸಿಸ್ಟರ್ ಪಕ್ಕದ ಮನೆಯವರು ಎಂಬ ಸಂಕೋಚವಿದ್ದರೆ ಹೊಸದುರ್ಗದವರು ಹಿರಿಯೂರಿಗೆ, ಜಗಳೂರಿನವರು ಹರಿಹರಕ್ಕೆ ಹೋಗಬಹುದು, ತಡೆಯುವವರಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಂ ಗೋಪ್ಯತೆಯನ್ನು ಹಕ್ಕೆನ್ನುತ್ತದೆ, 25ನೇ ಕಲಂ ಕಡತದ ಪ್ರತಿ ಕೇಳುವ ಹಕ್ಕು ಕೊಡುತ್ತದೆ. ಇಸಿಎಚ್‌ಎಸ್ ರೆಫರಲ್‌ನಲ್ಲಿ ‘ಪಿಟಿಎಸ್‌ಡಿ’ ಎಂದು ಬರೆದರೆ ಸಾಕು, ಕಾರಣ ಬರೆಯಬೇಕಾಗಿಲ್ಲ ಎಂದು ವೈದ್ಯರಿಗೆ ಹೇಳಿ.

ಎರಡೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳಲ್ಲಿ ನಮ್ಮ ಬೇಡಿಕೆ ದೊಡ್ಡದೇನಲ್ಲ. ಮನೋರೋಗ ವಿಭಾಗದಲ್ಲಿ ಪರದೆಯ ಬದಲು ಬಾಗಿಲಿರುವ ಒಂದು ಕೋಣೆ. ರಕ್ಷಣಾ ಪಡೆ, ಅರೆಸೇನಾ ಪಡೆಯಲ್ಲಿದ್ದು ಬಂದ ಪ್ರತಿಯೊಬ್ಬರಿಗೂ ಮೇಲಿನ ಪ್ರಶ್ನೆ ಕೇಳಿ ಟಿಕ್ ಮಾಡುವ ಒಂದು ಸಾಲು ಕೇಸ್ ಶೀಟಿನಲ್ಲಿ. ಒಬ್ಬ ರೋಗಿಗೆ 12 ವಾರ ಒಬ್ಬರೇ ಚಿಕಿತ್ಸಕರು. ತುರ್ತು ವಿಭಾಗದ ಬೀರುವಿನಲ್ಲಿ ರಾತ್ರಿಯೂ ಕೈಗೆ ಸಿಗುವ ಪಿಇಪಿ ಮಾತ್ರೆ. ಸಖಿ ಕೇಂದ್ರ ಇರುವುದು ದೌರ್ಜನ್ಯಕ್ಕೆ ಒಳಗಾದ ಮಹಿಳೆಯರಿಗೆ, ಅದು ಹಾಗೆಯೇ ಇರಲಿ. ಅಲ್ಲಿಗೆ ದಾರಿ ತಪ್ಪಿ ಬಂದ ಗಂಡಸನ್ನು ‘ಇದು ನಿಮಗಲ್ಲ’ ಎಂದು ಕಳಿಸದೆ ಆ ಬಾಗಿಲಿರುವ ಕೋಣೆಗೆ ಕರೆದೊಯ್ಯುವ ಸಿಬ್ಬಂದಿ ಇರಲಿ. ಸೈನಿಕ ಕಲ್ಯಾಣ ಇಲಾಖೆ ಮಾಜಿ ಸೈನಿಕರ ಸಭೆ ಕರೆದಾಗ ಪಿಂಚಣಿ, ನಿವೇಶನದ ಮಾತಿನ ಜೊತೆ ಎರಡು ನಿಮಿಷ ಇದಕ್ಕೂ ಕೊಡಲಿ. ಅಗ್ನಿವೀರರು ಕಾಗದದ ಮೇಲೆ ಮಾಜಿ ಸೈನಿಕರಲ್ಲದಿದ್ದರೂ ಅವರನ್ನೂ ಕರೆಯಲಿ.

ಸಂಪಾದಕರೇ, ಜಾಗ ಸಾಲದೆ ಪತ್ರವನ್ನು ಕತ್ತರಿಸಬೇಕಾಗಿ ಬಂದರೆ ಕಾನೂನು, ಪಿಂಚಣಿಯ ಭಾಗ ತೆಗೆಯಿರಿ. 72 ಗಂಟೆಯ ಭಾಗವನ್ನೂ 14416 ಸಂಖ್ಯೆಯನ್ನೂ ದಯವಿಟ್ಟು ಉಳಿಸಿಕೊಳ್ಳಿ.

ಇಂತಿ,
ದಾವಣಗೆರೆ ಮತ್ತು ಚಿತ್ರದುರ್ಗದಲ್ಲಿ ಕೆಲಸ ಮಾಡುವ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಮತ್ತು ಶುಶ್ರೂಷಕರು
(ಹೆಸರು, ವಿಳಾಸಗಳನ್ನು ಪತ್ರಿಕೆಗೆ ಪ್ರತ್ಯೇಕವಾಗಿ ಕೊಟ್ಟಿದ್ದೇವೆ, ಪ್ರಕಟಿಸಬಾರದಾಗಿ ವಿನಂತಿ)